ಭೂಬಳಕೆಯ ವಲಯಗಳೂ ಭೂಮಾಲಿಕರ ಸ್ವತ್ತಿನ ಹಕ್ಕೂ: ತರೀಕೆರೆ ಸೀಮೆಯ ನಿದರ್ಶನಗಳೊಡನೆ ಒಂದು ವಿವೇಚನೆ

1. ವಿಷಯಪ್ರವೇಶ

ಭೂಮಿಯ ಒಡೆತನವೆಂದರೆ ಅದನ್ನು ಒಡೆಯನು ತನಗೆ ತೋಚಿದಂತೆ ಬಳಸುವ ಅಧಿಕಾರವೆಂಬುದು ಸಾಮಾನ್ಯ ಜನರ ಭಾವನೆ. ಖಾತೆ ತನ್ನ ಹೆಸರಿನಲ್ಲಿದ್ದು ಕಂದಾಯ ಸಂದಾಯವಾಗುತ್ತಿರುವವರೆಗೆ, ಆ ನೆಲದಲ್ಲಿ ಅಡಕೆಯ ಸಸಿ ನೆಡುವುದಾಗಲಿ, ರಾಗಿ ಬಿತ್ತುವುದಾಗಲಿ, ಮನೆ ಕಟ್ಟುವುದಾಗಲಿ ತನ್ನ ಇಚ್ಛೆಗೆ ಸೇರಿದ್ದೆಂದು ಹಿಡುವಳಿದಾರನು ತಿಳಿಯುತ್ತಾನೆ. ಶಾಸನದ ದೃಷ್ಟಿ ಹಾಗಿಲ್ಲ. ಸ್ವಾಮ್ಯವೆಂಬುದು ಒಂದೇ ಹಕ್ಕಲ್ಲ. ಅದು ಹಲವು ಹಕ್ಕುಗಳ ಕಟ್ಟು. ಸ್ವಾಧೀನದಲ್ಲಿಟ್ಟುಕೊಳ್ಳುವ ಹಕ್ಕು, ಫಲವನ್ನು ಅನುಭೋಗಿಸುವ ಹಕ್ಕು, ಪರಭಾರೆ ಮಾಡುವ ಹಕ್ಕು, ಬಳಕೆಯನ್ನು ಬದಲಿಸುವ ಹಕ್ಕು ಎಂದು ಇವನ್ನು ಬಿಡಿಸಿ ನೋಡಬಹುದು. ಇವುಗಳಲ್ಲಿ ಕೊನೆಯದನ್ನು ಸರ್ಕಾರವು ಮಿತಗೊಳಿಸಿ, ಉಳಿದವನ್ನು ಒಡೆಯನ ಕೈಯಲ್ಲಿಯೇ ಬಿಡುವುದು ಸಾಧ್ಯ. ಊರಿನ ನಕ್ಷೆಯನ್ನು ವಾಸ, ವ್ಯಾಪಾರ, ಕೈಗಾರಿಕೆ, ಉದ್ಯಾನ, ಕೃಷಿ ಎಂಬ ವಲಯಗಳಾಗಿ ವಿಂಗಡಿಸಿ ಒಂದೊಂದಕ್ಕೂ ನಿಯಮಗಳನ್ನು ವಿಧಿಸುವ ಪದ್ಧತಿ ಮಾಡುವ ಕೆಲಸ ಇದೇ.

ಹೀಗೆ ಒಡೆತನ ಉಳಿದು ಬಳಕೆ ಮಾತ್ರ ಬದ್ಧವಾದಾಗ, ಅಥವಾ ಒಂದು ವಲಯದ ನಿಯಮ ನಡುವೆಯೇ ಬದಲಾದಾಗ, ಭೂಮಾಲಿಕನಿಗೆ ಯಾವ ರಕ್ಷಣೆಯಿದೆ ಎಂಬುದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ. ವಿವೇಚನೆಗೆ ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ ಸೀಮೆಯನ್ನು ಆರಿಸಿಕೊಂಡಿದೆ. ಒಂದು ಮಗ್ಗುಲಲ್ಲಿ ಮಲೆನಾಡಿನ ಕಾಡು, ಇನ್ನೊಂದು ಮಗ್ಗುಲಲ್ಲಿ ಬಯಲು, ನಡುವೆ ಕೆರೆಗಳು, ಕಾಲುವೆಗಳು, ಅಡಕೆ ತೆಂಗಿನ ತೋಟಗಳು, ಹೆದ್ದಾರಿಯನ್ನೂ ರೈಲುಮಾರ್ಗವನ್ನೂ ಅನುಸರಿಸಿ ಬೆಳೆಯುತ್ತಿರುವ ಪಟ್ಟಣ, ಇವೆಲ್ಲ ಇಲ್ಲಿ ಅಕ್ಕಪಕ್ಕದಲ್ಲಿವೆ. ಸರ್ಕಾರವು ಖಾಸಗಿ ಭೂಮಿಯ ಮೇಲೆ ಅಧಿಕಾರ ಚಲಾಯಿಸುವ ಮೂರು ಬಗೆಗಳೂ ಈ ಒಂದು ಸೀಮೆಯಲ್ಲಿ ದೊರೆಯುತ್ತವೆ: ಅಣೆಕಟ್ಟಿಗಾಗಿ ಭೂಮಿಯನ್ನೇ ತೆಗೆದುಕೊಂಡದ್ದು ಮೊದಲನೆಯದು, ಅಭಯಾರಣ್ಯಕ್ಕಾಗಿ ಬಳಕೆಯನ್ನು ಬಂಧಿಸಿದ್ದು ಎರಡನೆಯದು, ಪಟ್ಟಣದ ಅಂಚಿನಲ್ಲಿ ಬಳಕೆಯನ್ನು ನಿಯಮಿಸುವುದು ಮೂರನೆಯದು.

2. ಖುಷ್ಕಿ, ತರಿ, ಬಾಗಾಯ್ತು

ಭೂಮಿಯನ್ನು ಬಳಕೆಗೆ ತಕ್ಕಂತೆ ವರ್ಗೀಕರಿಸುವುದು ನಮ್ಮಲ್ಲಿ ಹೊಸದಲ್ಲ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಮೈಸೂರು ಸಂಸ್ಥಾನದಲ್ಲಿ ನಡೆದ ಸರ್ವೆ ಮತ್ತು ಬಂದೋಬಸ್ತಿನ ಕಾಲದಲ್ಲಿ ಜಮೀನನ್ನು ಖುಷ್ಕಿ, ತರಿ, ಬಾಗಾಯ್ತು ಎಂದು ವಿಂಗಡಿಸಿ, ಅದಕ್ಕೆ ತಕ್ಕ ಕಂದಾಯವನ್ನು ಗೊತ್ತುಮಾಡುತ್ತಿದ್ದರು. ಆದರೆ ಆ ವರ್ಗೀಕರಣವು ಇದ್ದುದನ್ನು ಇದ್ದಂತೆ ಗುರುತಿಸುತ್ತಿತ್ತು. ನೀರು ದೊರೆತು ಖುಷ್ಕಿ ತೋಟವಾದರೆ ಸರ್ಕಾರಕ್ಕೆ ಅದರಿಂದ ತೊಂದರೆಯಿರಲಿಲ್ಲ. ವರ್ಗದ ಗುರಿ ಕಂದಾಯವಾಗಿತ್ತೇ ಹೊರತು ನಿರ್ಬಂಧವಾಗಿರಲಿಲ್ಲ.

ಇಂದಿನ ವಲಯದ ನಕ್ಷೆ ಇದಕ್ಕಿಂತ ಭಿನ್ನ. ಅದು ಇರುವುದನ್ನಲ್ಲ, ಮುಂದೆ ಇರಬೇಕಾದುದನ್ನು ಗುರುತಿಸುತ್ತದೆ. ಕರ್ನಾಟಕದಲ್ಲಿ ಈ ಬಗೆಯ ನಿಯಮನ ಎರಡು ಶಾಸನಗಳ ಮೇಲೆ ನಿಂತಿದೆ. ಮೊದಲನೆಯದು 1964ರ ಭೂಕಂದಾಯ ಅಧಿನಿಯಮ. ಇದರ 95ನೆಯ ಪ್ರಕರಣದ ಪ್ರಕಾರ ಹಿಡುವಳಿದಾರನು ಕೃಷಿಭೂಮಿಯಲ್ಲಿ ಬಾವಿ ತೋಡಬಹುದು, ಕೃಷಿಗೆ ಬೇಕಾದ ಕಟ್ಟಡ ಕಟ್ಟಬಹುದು. ಅದನ್ನು ಕೃಷಿಯೇತರ ಕಾರ್ಯಕ್ಕೆ ತಿರುಗಿಸಬೇಕಾದರೆ ಮಾತ್ರ ಜಿಲ್ಲಾಧಿಕಾರಿಯ ಅನುಮತಿ ಬೇಕು. ಕಚೇರಿಯ ಭಾಷೆಯಲ್ಲಿ ಇದಕ್ಕೆ ಅನ್ಯಕ್ರಾಂತ ಅಥವಾ ಭೂಪರಿವರ್ತನೆ ಎಂದು ಹೆಸರು. ಅರ್ಜಿಗೆ ನಾಲ್ಕು ತಿಂಗಳೊಳಗೆ ಉತ್ತರ ಬಾರದಿದ್ದರೆ ಅನುಮತಿ ದೊರೆತಂತೆಯೇ ಎಂದು ಮೂಲ ಶಾಸನ ಹೇಳಿತ್ತು. ಇತ್ತೀಚಿನ ತಿದ್ದುಪಡಿಗಳು ಪ್ರಮಾಣಪತ್ರದ ಪದ್ಧತಿಯಿಂದಲೂ ಕಿರಿದಾದ ಕಾಲಮಿತಿಯಿಂದಲೂ ಈ ಕ್ರಮವನ್ನು ಇನ್ನಷ್ಟು ಸರಳಗೊಳಿಸಿವೆ.

ಎರಡನೆಯದು 1961ರ ನಗರ ಮತ್ತು ಗ್ರಾಮಾಂತರ ಯೋಜನೆ ಅಧಿನಿಯಮ. 1965ರಲ್ಲಿ ಜಾರಿಗೆ ಬಂದ ಈ ಶಾಸನದ ಮೇರೆಗೆ, ಸರ್ಕಾರವು ಒಂದು ಊರನ್ನೂ ಅದರ ಸುತ್ತಣ ಗ್ರಾಮಗಳನ್ನೂ ಸ್ಥಳೀಯ ಯೋಜನಾ ಪ್ರದೇಶವೆಂದು ಘೋಷಿಸಬಹುದು. ಆ ಬಳಿಕ ಯೋಜನಾ ಪ್ರಾಧಿಕಾರವು ಮಹಾಯೋಜನೆಯನ್ನು ಸಿದ್ಧಪಡಿಸುತ್ತದೆ. ಮಹಾಯೋಜನೆ ಜಾರಿಯಲ್ಲಿರುವ ಪ್ರದೇಶದಲ್ಲಿ ಭೂಪರಿವರ್ತನೆಯ ಅನುಮತಿಯೂ ಆ ಯೋಜನೆಗೆ ಹೊಂದಿಕೊಂಡಿರಬೇಕು. ಆದುದರಿಂದ ಪಟ್ಟಣದ ಬಳಿ ಜಮೀನುಳ್ಳವನ ಭವಿಷ್ಯವನ್ನು ಪಹಣಿಗಿಂತಲೂ ನಕ್ಷೆಯ ಬಣ್ಣವೇ ಹೆಚ್ಚಾಗಿ ನಿರ್ಧರಿಸುತ್ತದೆ.

3. ತೆಗೆದುಕೊಳ್ಳುವುದೂ ನಿಯಮಿಸುವುದೂ

ಈ ಎರಡರ ಭೇದವನ್ನು ವಿದ್ಯಾರ್ಥಿಗಳು ಮೊದಲು ಮನಗಾಣಬೇಕು. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ನದಿಗೆ ಅಣೆಕಟ್ಟು ಕಟ್ಟುವ ಕಾರ್ಯ 1947ರಲ್ಲಿ ಮೊದಲಾಗಿ 1960ರ ದಶಕದ ನಡುವಿನ ವೇಳೆಗೆ ಮುಗಿಯಿತು. 71.5 ಟಿ.ಎಂ.ಸಿ. ನೀರು ಹಿಡಿಯುವ ಈ ಜಲಾಶಯದ ಹಿನ್ನೀರಿನಲ್ಲಿ ಕಾಡೂ ಕೃಷಿಭೂಮಿಯೂ ಮುಳುಗಿದವು. ಇಲ್ಲಿ ಭೂಮಿಯ ಸ್ವಾಮ್ಯವೇ ಸರ್ಕಾರಕ್ಕೆ ಸಂದಿತು. ಇಂಥ ಸಂದರ್ಭಕ್ಕೆ ಶಾಸನದಲ್ಲಿ ಉತ್ತರವುಂಟು: ಅದು ಪರಿಹಾರಧನ. 1894ರ ಭೂಸ್ವಾಧೀನ ಶಾಸನದ ಸ್ಥಾನದಲ್ಲಿ ಬಂದು 2014ರ ಜನವರಿ 1ರಿಂದ ಜಾರಿಯಲ್ಲಿರುವ 2013ರ ಅಧಿನಿಯಮವು ಮಾರುಕಟ್ಟೆ ಬೆಲೆಯ ಮೇಲೆ ನೂರಕ್ಕೆ ನೂರರಷ್ಟು ಹೆಚ್ಚುವರಿ ಮೊತ್ತವನ್ನೂ ಪುನರ್ವಸತಿಯ ಹೊಣೆಯನ್ನೂ ವಿಧಿಸಿದೆ. ಮೊತ್ತ ಸಾಲದೆಂಬ ವಾದವಿರಬಹುದು. ಮೊತ್ತ ಸಲ್ಲಬೇಕೆಂಬುದರಲ್ಲಿ ವಾದವಿಲ್ಲ.

ಸಂವಿಧಾನದ ಸ್ಥಿತಿಯೂ ಇದಕ್ಕೆ ಅನುಗುಣವಾಗಿದೆ. ಸ್ವತ್ತಿನ ಹಕ್ಕು ಮೊದಲು ಮೂಲಭೂತ ಹಕ್ಕುಗಳಲ್ಲಿ ಸೇರಿತ್ತು. 1978ರ 44ನೆಯ ತಿದ್ದುಪಡಿಯು ಅದನ್ನು ಅಲ್ಲಿಂದ ತೆಗೆದು, ಶಾಸನದ ಅಧಿಕಾರವಿಲ್ಲದೆ ಯಾರ ಸ್ವತ್ತನ್ನೂ ಕಳೆಯಲಾಗದೆಂಬ 300ಎ ವಿಧಿಯನ್ನು ಸೇರಿಸಿತು. ಆ ವಿಧಿಯ ಅರ್ಥವನ್ನು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2011ರಲ್ಲಿ ವಿಸ್ತಾರವಾಗಿ ವಿವರಿಸಿದ್ದು ಕರ್ನಾಟಕದ ಒಂದು ಮೊಕದ್ದಮೆಯಲ್ಲಿಯೇ ಎಂಬುದು ಗಮನಾರ್ಹ. ಬೆಂಗಳೂರಿನ ಬಳಿ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಮತ್ತು ದೇವಿಕಾ ರಾಣಿ ದಂಪತಿಗಳಿಗೆ ಸೇರಿದ್ದ ತಾತಗುಣಿ ಎಸ್ಟೇಟಿನ ವಿವಾದವದು. ಸ್ವತ್ತನ್ನು ಕಳೆಯಲು ಸಾರ್ವಜನಿಕ ಉದ್ದೇಶ ಅಗತ್ಯವೆಂದೂ, ಪರಿಹಾರದ ಹಕ್ಕು ಆ ವಿಧಿಯಲ್ಲಿಯೇ ಅಂತರ್ಗತವಾಗಿದೆಯೆಂದೂ, ಏನನ್ನೂ ಕೊಡದೆ ಕಳೆಯುವುದಾದರೆ ಸರ್ಕಾರವು ಅದಕ್ಕೆ ಸಮರ್ಥನೆ ನೀಡಬೇಕೆಂದೂ ಪೀಠವು ಹೇಳಿತು.

ಆದರೆ ವಲಯದ ನಿಯಮ ಯಾರ ಸ್ವತ್ತನ್ನೂ ಕಳೆಯುವುದಿಲ್ಲ ಎಂಬುದು ಶಾಸ್ತ್ರೀಯ ವಾದ. ಖಾತೆ ಉಳಿದಿದೆ, ಬೆಳೆ ಉಳಿದಿದೆ, ಮಾರುವ ಅಧಿಕಾರವೂ ಉಳಿದಿದೆ. ಬೆಲೆ ಕುಗ್ಗಿದ್ದಕ್ಕಾಗಿಯೇ ಪರಿಹಾರ ಕೇಳುವ ಹಕ್ಕು ಸಾಮಾನ್ಯವಾಗಿ ಇಲ್ಲ. ಅಮೆರಿಕದ ಓಹಾಯೋ ಪ್ರಾಂತದ ಯೂಕ್ಲಿಡ್ ಎಂಬ ಊರಿನ ಮೊಕದ್ದಮೆ ಈ ವಾದಕ್ಕೆ ಜಗತ್ಪ್ರಸಿದ್ಧ ನಿದರ್ಶನ. ಅಲ್ಲಿ 68 ಎಕರೆ ಭೂಮಿಯುಳ್ಳ ಒಂದು ಕಂಪನಿಯು, ಕೈಗಾರಿಕೆಗೆಂದು ಮಾರಿದರೆ ಎಕರೆಗೆ 10,000 ಡಾಲರ್ ಬರುತ್ತಿದ್ದ ಭೂಮಿಗೆ 1922ರ ವಲಯ ನಿಯಮದಿಂದಾಗಿ 2,500 ಡಾಲರ್ ಮಾತ್ರ ಬರುವುದೆಂದು ದೂರಿತು. ನೆರೆಹೊರೆಗೆ ಬಾಧೆಯಾಗದಂತೆ ಬಳಕೆಯನ್ನು ನಿಯಮಿಸುವುದು ಸಮಾಜದ ಅಧಿಕಾರವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1926ರಲ್ಲಿ ನಿಯಮವನ್ನು ಎತ್ತಿಹಿಡಿಯಿತು. ಅದೇ ನ್ಯಾಯಾಲಯವು ಅದಕ್ಕೂ ನಾಲ್ಕು ವರ್ಷ ಮೊದಲು, ಪೆನ್ಸಿಲ್ವೇನಿಯದ ಕಲ್ಲಿದ್ದಲು ಗಣಿಯ ಮೊಕದ್ದಮೆಯಲ್ಲಿ, ನಿಯಮನವು ಮಿತಿಮೀರಿದರೆ ಅದು ಸ್ವಾಧೀನಕ್ಕೆ ಸಮನಾಗುವುದೆಂದೂ ಹೇಳಿತ್ತು. ಮಿತಿ ಎಲ್ಲಿ ಎಂಬುದೇ ಅಂದಿನಿಂದ ಇಂದಿನವರೆಗೂ ಪ್ರಶ್ನೆ.

4. ಕಾಡಿನ ನಿದರ್ಶನ: ಕಾಲವೇ ನಷ್ಟವಾದುದು

ಮಿತಿಯನ್ನು ಅಳೆಯುವುದಕ್ಕೆ ಹಣಕ್ಕಿಂತ ಕಾಲವೇ ಉತ್ತಮ ಮಾನವೆಂಬುದನ್ನು ಭದ್ರಾ ಅಭಯಾರಣ್ಯದ ಇತಿಹಾಸ ತೋರಿಸುತ್ತದೆ. 1951ರಲ್ಲಿ ಜಾಗರ ಕಣಿವೆಯಲ್ಲಿ ಏರ್ಪಟ್ಟಿದ್ದ ಮೃಗಧಾಮಕ್ಕೆ ಲಕ್ಕವಳ್ಳಿಯ ಕಾಡುಗಳನ್ನು ಸೇರಿಸಿ 1974ರಲ್ಲಿ ಭದ್ರಾ ವನ್ಯಜೀವಿಧಾಮವನ್ನು ರಚಿಸಲಾಯಿತು. 1998ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದರೊಳಗೆ ಹಳ್ಳಿಗಳಿದ್ದವು, ಗದ್ದೆಗಳಿದ್ದವು, ಪಟ್ಟಾ ಪಡೆದ ಹಿಡುವಳಿದಾರರಿದ್ದರು.

1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ 20ನೆಯ ಪ್ರಕರಣದ ಮೇರೆಗೆ, ಅಭಯಾರಣ್ಯದ ಅಧಿಸೂಚನೆ ಹೊರಟ ಬಳಿಕ ಆ ಮೇರೆಯೊಳಗಿನ ಭೂಮಿಯಲ್ಲಿ ಉತ್ತರಾಧಿಕಾರದಿಂದ ಹೊರತು ಬೇರಾವ ರೀತಿಯಿಂದಲೂ ಹೊಸ ಹಕ್ಕು ಹುಟ್ಟುವಂತಿಲ್ಲ. ತಂದೆಯಿಂದ ಮಗನಿಗೆ ಭೂಮಿ ಬರಬಹುದು. ಹೊರಗಿನವನು ಅದನ್ನು ಕೊಳ್ಳಲಾಗದು. ಜಿಲ್ಲಾಧಿಕಾರಿಯು ಹಕ್ಕುಗಳ ವಿಚಾರಣೆ ನಡೆಸಿ, ಆ ಭೂಮಿಯನ್ನು ಮೇರೆಯಿಂದ ಹೊರಗಿಡಬೇಕು, ಇಲ್ಲವೇ ಪರಿಹಾರ ಕೊಟ್ಟು ಸ್ವಾಧೀನಪಡಿಸಿಕೊಳ್ಳಬೇಕು, ಇಲ್ಲವೇ ವನ್ಯಜೀವಿ ಪಾಲಕರೊಡನೆ ಸಮಾಲೋಚಿಸಿ ಹಕ್ಕನ್ನು ಮುಂದುವರಿಸಲು ಬಿಡಬೇಕು. ಇದು ಶಾಸನದ ಈಗಿನ ರೂಪದಲ್ಲಿರುವ ದಾರಿ. ದಾರಿ ಸ್ಪಷ್ಟವಾಗಿದೆ, ಆದರೆ ಅದನ್ನು ನಡೆದು ಮುಗಿಸಲು ಎಷ್ಟು ಕಾಲ ಹಿಡಿಯಿತು ಎಂಬುದನ್ನು ನೋಡಬೇಕು. ಭದ್ರೆಯ ಒಳಗಿನ ನಾನೂರಕ್ಕೂ ಹೆಚ್ಚು ಕುಟುಂಬಗಳಿಗೆ ಪುನರ್ವಸತಿ ದೊರೆತದ್ದು 2001–2002ರ ಸುಮಾರಿಗೆ. ಅವರಲ್ಲಿ ಬಹುಮಂದಿ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ನೆಲೆಗೊಂಡರು. ಅಲ್ಲಿ ಅವರಿಗೆ ಸಾಗುವಳಿಯ ಭೂಮಿಯೂ ಮನೆಯ ನಿವೇಶನವೂ ದೊರೆತವು. ಭಾರತದಲ್ಲಿ ಅಭಯಾರಣ್ಯಗಳಿಂದ ನಡೆದ ಸ್ಥಳಾಂತರಗಳಲ್ಲಿ ಇದು ಯಶಸ್ವಿಯಾದವುಗಳಲ್ಲಿ ಒಂದೆಂದು ಅಧ್ಯಯನಕಾರರು ಎಣಿಸಿದ್ದಾರೆ.

ಯಶಸ್ಸು ನಿಜ. ಆದರೆ 1974ಕ್ಕೂ 2001ಕ್ಕೂ ನಡುವೆ ಕಾಲು ಶತಮಾನ ಮೀರಿದ ಅಂತರವಿದೆ. ಈ ಅವಧಿಯಲ್ಲಿ ಹಿಡುವಳಿದಾರನ ಭೂಮಿ ಅವನದೇ ಆಗಿತ್ತು. ಅದನ್ನು ಹೊರಗಿನವರು ಕೊಳ್ಳುವಂತಿರಲಿಲ್ಲ. ಬೆಳೆಗೆ ಕಾಡುಮೃಗಗಳ ಕಾಟವಿತ್ತು. ಹೋಗಬೇಕೋ ಇರಬೇಕೋ ಎಂಬುದು ತಿಳಿಯದೆ ಮನೆಯನ್ನು ವಿಸ್ತರಿಸುವುದಕ್ಕೂ ತೋಟ ಹಾಕುವುದಕ್ಕೂ ಯಾರಿಗೆ ಮನಸ್ಸು ಬಂದೀತು? ಅಡಕೆಯ ಸಸಿ ಫಲಕ್ಕೆ ಬರಲು ಹಲವು ವರ್ಷ ಬೇಕು. ನಾಳೆಯ ಭರವಸೆ ಇಲ್ಲದ ಕಡೆ ಅದನ್ನು ನೆಡುವವರಿಲ್ಲ. ಕೊನೆಯಲ್ಲಿ ಕೊಟ್ಟ ಪರಿಹಾರವು ಭೂಮಿಯ ಬೆಲೆಯನ್ನು ತುಂಬಿಕೊಟ್ಟಿತೇ ಹೊರತು ಕಳೆದ ವರ್ಷಗಳನ್ನಲ್ಲ. ಒಡೆತನವನ್ನು ಉಳಿಸಿ ಬಳಕೆಯನ್ನು ಅನಿಶ್ಚಿತಗೊಳಿಸುವುದರಿಂದ ಒದಗುವ ನಷ್ಟ ಈ ಬಗೆಯದು.

5. ಪಟ್ಟಣದ ಅಂಚು

ಕಾಡಿನ ನಿದರ್ಶನ ವಿರಳವಾದುದು. ಪಟ್ಟಣದ ಅಂಚಿನದು ಎಲ್ಲೆಡೆಯೂ ಕಾಣುವಂಥದು. ಬೀರೂರಿನಿಂದ ಶಿವಮೊಗ್ಗಕ್ಕೆ ಹೋಗುವ ರೈಲುಮಾರ್ಗವೂ ತುಮಕೂರಿನಿಂದ ಹೊನ್ನಾವರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿಯೂ ಹಾದುಹೋಗುವ ತರೀಕೆರೆಯಂಥ ಊರು ರಸ್ತೆಯ ಗುಂಟ ಬೆಳೆಯುತ್ತದೆ. ಇದಕ್ಕೆ ಇನ್ನೊಂದು ಕಾರಣವೂ ಸೇರಿದೆ. 1974ರಲ್ಲಿ ಭೂಸುಧಾರಣಾ ಅಧಿನಿಯಮಕ್ಕೆ ಸೇರಿದ್ದ 79ಎ ಮತ್ತು 79ಬಿ ಪ್ರಕರಣಗಳು, ಕೃಷಿಯೇತರ ಆದಾಯ ಮಿತಿಮೀರಿದವರೂ ಕೃಷಿಕರಲ್ಲದವರೂ ಕೃಷಿಭೂಮಿಯನ್ನು ಕೊಳ್ಳದಂತೆ ತಡೆದಿದ್ದವು. 2020ರ ತಿದ್ದುಪಡಿಯಿಂದ ಅವು ರದ್ದಾದವು. ಯಾರು ಕೊಳ್ಳಬಹುದೆಂಬ ಕಟ್ಟು ಸಡಿಲಿದ ಮೇಲೆ, ಕೊಂಡ ಭೂಮಿಯನ್ನು ಏನು ಮಾಡಬಹುದೆಂಬ ಕಟ್ಟಿನ ಮಹತ್ವ ಹೆಚ್ಚಿತು.

ಉದಾಹರಣೆಗಾಗಿ, ಇಂಥ ಒಂದು ಊರಿನ ಕೆರೆಯ ಕೆಳಗೆ ನಾಲ್ಕು ನಾಲ್ಕು ಎಕರೆಯ ಮೂರು ಹಿಡುವಳಿಗಳಿವೆಯೆಂದು ಭಾವಿಸೋಣ. ಹೊಸ ಮಹಾಯೋಜನೆಯಲ್ಲಿ ಮೊದಲನೆಯದು ವಾಸದ ವಲಯಕ್ಕೆ, ಎರಡನೆಯದು ಕೃಷಿ ವಲಯಕ್ಕೆ, ಮೂರನೆಯದು ಉದ್ಯಾನಕ್ಕೆ ಸೇರಿದೆ. ಮೂರರ ಮಣ್ಣೂ ನೀರೂ ಒಂದೇ. ಮೊದಲನೆಯವನು ಬಡಾವಣೆ ಮಾಡಿ, ರಸ್ತೆಗೂ ಉದ್ಯಾನಕ್ಕೂ ಭಾಗ ಬಿಟ್ಟುಕೊಟ್ಟ ಮೇಲೂ ಲಾಭ ಪಡೆಯುತ್ತಾನೆ. ಎರಡನೆಯವನು ತೋಟವನ್ನು ಮುಂದುವರಿಸಬಹುದು. ಆದರೆ ಬಡಾವಣೆಯ ಕೊಳಚೆ ತನ್ನ ಕಾಲುವೆಗೆ ಇಳಿದರೆ ಅವನ ಹಕ್ಕಿನ ಗತಿಯೇನು? ಮೂರನೆಯವನ ಭೂಮಿಯನ್ನು ಸರ್ಕಾರ ಕೊಂಡಿಲ್ಲ, ಬೇರೆಯವರು ಕೊಳ್ಳುವುದಿಲ್ಲ. ವಲಯದ ಬದಲಾವಣೆ ಕೇವಲ ಸರ್ಕಾರಕ್ಕೂ ಮಾಲಿಕನಿಗೂ ನಡುವಣ ವಿಷಯವಲ್ಲ, ಮಾಲಿಕ ಮಾಲಿಕರ ನಡುವಣ ವಿಷಯವೂ ಹೌದು ಎಂಬುದು ಇದರಿಂದ ವಿಶದವಾಗುತ್ತದೆ. ಒಬ್ಬನಿಗೆ ನಿರ್ಬಂಧವಾದ ನಿಯಮವೇ ನೆರೆಯವನಿಗೆ ರಕ್ಷಣೆ. ಒಬ್ಬನಿಗೆ ನೀಡಿದ ವಿನಾಯಿತಿಯೇ ನೆರೆಯವನಿಗೆ ನಷ್ಟ.

ಈ ಮೂವರಿಗೂ ಶಾಸನವು ಕೊಡುವ ರಕ್ಷಣೆ ಹಣದ ರೂಪದ್ದಲ್ಲ, ವಿಧಿವಿಧಾನದ ರೂಪದ್ದು. ಕರಡು ಮಹಾಯೋಜನೆಯನ್ನು ಪ್ರಕಟಿಸಿದ ಮೇಲೆ 60 ದಿನಗಳೊಳಗೆ ಸಾರ್ವಜನಿಕರು ಅಭಿಪ್ರಾಯ ಸಲ್ಲಿಸಬಹುದು. ಜಾರಿಗೆ ಬಂದ ಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು. ನಡುವೆ ಒಂದು ಭೂಮಿಯ ಬಳಕೆಯನ್ನು ಬದಲಿಸಬೇಕಾದರೆ, 1991ರ ತಿದ್ದುಪಡಿಯಿಂದ ಬಂದ 14ಎ ಪ್ರಕರಣದ ಪ್ರಕಾರ, ಬದಲಾವಣೆ ಸಾರ್ವಜನಿಕ ಹಿತಕ್ಕೆ ಅನುಗುಣವಾಗಿರಬೇಕು. ಪ್ರಸ್ತಾಪವನ್ನು ಆ ಪ್ರದೇಶದ ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆಗೆ 15 ದಿನಗಳಿಗೆ ಕಡಿಮೆಯಿಲ್ಲದ ಅವಕಾಶ ಕೊಡಬೇಕು. ಮೂರನೆಯ ಹಿಡುವಳಿದಾರನಂಥವರ ವಿಷಯದಲ್ಲಿ, ಸಾರ್ವಜನಿಕ ಉದ್ದೇಶಕ್ಕೆಂದು ಗುರುತಿಸಿದ ಭೂಮಿಯನ್ನು ಐದು ವರ್ಷಗಳೊಳಗೆ ಸ್ವಾಧೀನಪಡಿಸಿಕೊಳ್ಳಲು ಮೊದಲಿಡದಿದ್ದರೆ ಆ ಗುರುತು ಬಿದ್ದುಹೋಗುವುದೆಂಬ ತತ್ತ್ವವನ್ನು 69ನೆಯ ಪ್ರಕರಣವು ಅಂಗೀಕರಿಸಿತು. ಭದ್ರಾ ಅಭಯಾರಣ್ಯದ ಹಿಡುವಳಿದಾರರಿಗೆ ಇಲ್ಲದಿದ್ದುದು ಈ ಬಗೆಯ ಕಾಲದ ಗಡಿಯೇ ಎಂಬುದನ್ನು ಇಲ್ಲಿ ನೆನೆಯಬಹುದು.

6. ನ್ಯಾಯಾಲಯಗಳ ಧೋರಣೆ

ವಿಧಿವಿಧಾನ ಬರಿಯ ಔಪಚಾರಿಕತೆಯಲ್ಲವೆಂದು ನ್ಯಾಯಾಲಯಗಳು ಸ್ಪಷ್ಟಪಡಿಸಿವೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು 1970ರ ದಶಕದಲ್ಲಿ ಒಂದು ಖಾಸಗಿ ಆಸ್ಪತ್ರೆಗೆ ಮಂಜೂರು ಮಾಡಲಾಯಿತು. ಸುತ್ತಲಿನ ನಿವಾಸಿಗಳು ಪ್ರತಿಭಟಿಸಿ ನ್ಯಾಯಾಲಯಕ್ಕೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮೊಕದ್ದಮೆಯೆಂದು ಹೆಸರಾದ ಇದರಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ನಿವಾಸಿಗಳ ಪರವಾಗಿ ತೀರ್ಪಿತ್ತಿತು. ಅಧಿಕಾರಾರೂಢರ ಆದೇಶದಿಂದ ಉದ್ಯಾನವನ್ನು ಬೇರೊಂದು ಬಳಕೆಗೆ ತಿರುಗಿಸಲಾಗದೆಂದೂ, ಆ ಜಾಗದಲ್ಲಿ ಒಡೆತನವಿಲ್ಲದಿದ್ದರೂ ನೆರೆಯವರಿಗೆ ಪ್ರಶ್ನಿಸುವ ಅಧಿಕಾರವುಂಟೆಂದೂ ಅದು ನಿರ್ಣಯಿಸಿತು. ಇದು ನಮ್ಮ ಉದಾಹರಣೆಯ ಎರಡನೆಯ ಹಿಡುವಳಿದಾರನಿಗೆ ಬಲ ಕೊಡುವ ತೀರ್ಪು.

2006ರಲ್ಲಿ, ಟಿ. ವಿಜಯಲಕ್ಷ್ಮಿ ಮೊಕದ್ದಮೆಯೆಂದು ಉಲ್ಲೇಖವಾಗುವ ಬೆಂಗಳೂರಿನದೇ ಇನ್ನೊಂದು ವಿವಾದದಲ್ಲಿ, ಮುಂದೆ ಬರಲಿರುವ ಯೋಜನೆಯ ಪ್ರಸ್ತಾಪವನ್ನು ಮುಂದೊಡ್ಡಿ ಇಂದಿನ ಯೋಜನೆಯ ಮೇರೆಗೆ ಮಾಲಿಕನಿಗಿರುವ ಹಕ್ಕನ್ನು ತಡೆಹಿಡಿಯಲಾಗದೆಂದು ಅದೇ ನ್ಯಾಯಾಲಯ ಹೇಳಿತು. ಸ್ವತ್ತಿನ ಹಕ್ಕಿನಲ್ಲಿ ಕಟ್ಟಡ ಕಟ್ಟುವ ಹಕ್ಕೂ ಸೇರಿದೆ. ಶಾಸನ ಅದನ್ನು ಮಿತಗೊಳಿಸಬಹುದು, ಇನ್ನೂ ಶಾಸನವಾಗದ ಆಲೋಚನೆ ಮಿತಗೊಳಿಸಲಾಗದು. 2007ರಲ್ಲಿ ಇಂದೂರಿನ ಮೊಕದ್ದಮೆಯೊಂದರಲ್ಲಿ, ಸ್ವತ್ತಿನ ಬಳಕೆಗೆ ತಡೆಯೊಡ್ಡುವ ಯೋಜನಾ ಶಾಸನಗಳನ್ನು ಬಿಗಿಯಾಗಿಯೇ ಅರ್ಥೈಸಬೇಕೆಂಬ ತತ್ತ್ವ ಇನ್ನೊಮ್ಮೆ ಪ್ರತಿಪಾದಿತವಾಯಿತು. ಈ ಮೂರು ತೀರ್ಪುಗಳನ್ನು ಒಟ್ಟಿಗೆ ಓದಿದರೆ ಒಂದು ಸೂತ್ರ ದೊರೆಯುತ್ತದೆ: ಬಳಕೆಯನ್ನು ನಿಯಮಿಸಬಹುದು, ಆದರೆ ಪ್ರಕಟವಾದ ನಿಯಮದಿಂದ ಮಾತ್ರ, ನಿಯಮವನ್ನು ಬದಲಿಸಬಹುದು, ಆದರೆ ಬಾಧಿತರನ್ನು ಕೇಳಿ ಮಾತ್ರ.

7. ಉಪಸಂಹಾರ

ಹೀಗಿದ್ದರೂ ಸೂತ್ರಕ್ಕೂ ಅನುಷ್ಠಾನಕ್ಕೂ ನಡುವೆ ಒಂದು ಕಂದಕವಿದೆ. ಭೂಮಾಲಿಕನಿಗೆ ಉಳಿದಿರುವ ಮುಖ್ಯ ರಕ್ಷಣೆ ಆಕ್ಷೇಪಣೆಯ ಹಕ್ಕೆಂದು ಮೇಲೆ ಕಂಡೆವು. ಆ ಹಕ್ಕಿನ ಆಯುಸ್ಸು 60 ದಿನ, ಕೆಲವೊಮ್ಮೆ 15 ದಿನ. ಒಡೆತನದ ದಾಖಲೆ ಕಂದಾಯ ಇಲಾಖೆಯಲ್ಲಿರುತ್ತದೆ, ಬಳಕೆಯ ನಕ್ಷೆ ಯೋಜನಾ ಪ್ರಾಧಿಕಾರದಲ್ಲಿರುತ್ತದೆ. ರೈತನು ವರ್ಷಕ್ಕೆ ನಾಲ್ಕಾರು ಬಾರಿ ಪಡೆಯುವ ಪಹಣಿಯಲ್ಲಿ ಅವನ ಬೆಳೆಯೂ ಸಾಲವೂ ಕಾಣುತ್ತವೆ. ವಲಯದ ಬಣ್ಣ ಕಾಣುವುದಿಲ್ಲ. ಪತ್ರಿಕೆಯ ಪ್ರಕಟಣೆಯಲ್ಲಿರುವುದು ಸರ್ವೆ ನಂಬರು. ನಕ್ಷೆಯನ್ನು ಓದಬಲ್ಲವರು ಹಳ್ಳಿಯಲ್ಲಿ ವಿರಳ. ಬಡಾವಣೆ ಮಾಡುವವನಿಗೆ ಸಲಹೆಗಾರರಿರುತ್ತಾರೆ, ಎರಡು ಎಕರೆಯ ತೋಟದವನಿಗೆ ಇರುವುದಿಲ್ಲ. ಖಾತೆಯೇ ಇಲ್ಲದೆ ಬಗರ್‌ಹುಕುಂ ಸಾಗುವಳಿ ಮಾಡುತ್ತಿರುವವನಂತೂ ಮಾಲಿಕರ ಲೆಕ್ಕಕ್ಕೇ ಬರುವುದಿಲ್ಲ. ತಿಳಿಯದವನ ಪಾಲಿಗೆ ಆಕ್ಷೇಪಣೆಯ ಹಕ್ಕು ಇದ್ದೂ ಇಲ್ಲದಂತೆ.

ಆದುದರಿಂದ ಕರಡು ನಕ್ಷೆಯನ್ನು ಗ್ರಾಮ ಪಂಚಾಯಿತಿಯ ಕಚೇರಿಯಲ್ಲಿ ಸರ್ವೆ ನಂಬರುಗಳೊಡನೆ ಕನ್ನಡದಲ್ಲಿ ಪ್ರದರ್ಶಿಸುವುದು, ಬಾಧಿತ ಖಾತೆದಾರನಿಗೆ ನೇರವಾಗಿ ತಿಳುವಳಿಕೆ ಕೊಡುವುದು, ಪಹಣಿಯಲ್ಲಿ ವಲಯವನ್ನು ನಮೂದಿಸುವುದು, ಇವು ದೊಡ್ಡ ವೆಚ್ಚವಿಲ್ಲದೆ ಮಾಡಬಹುದಾದ ಸುಧಾರಣೆಗಳು. ಕಾಲೇಜುಗಳೂ ಇದರಲ್ಲಿ ಭಾಗಿಗಳಾಗಬಹುದು. ಅರ್ಥಶಾಸ್ತ್ರ, ಭೂಗೋಳ, ರಾಜ್ಯಶಾಸ್ತ್ರಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಗ್ರಾಮನಕ್ಷೆಯನ್ನೂ ಮಹಾಯೋಜನೆಯ ನಕ್ಷೆಯನ್ನೂ ಅಕ್ಕಪಕ್ಕದಲ್ಲಿಟ್ಟು, ಯಾವ ಕೆರೆಯ ಅಚ್ಚುಕಟ್ಟು ಯಾವ ವಲಯಕ್ಕೆ ಸೇರಿದೆ, ಹತ್ತು ವರ್ಷಗಳಲ್ಲಿ ಏನು ಬದಲಾಗಿದೆ, ಎಷ್ಟು ಆಕ್ಷೇಪಣೆಗಳು ಬಂದವು ಎಂಬುದನ್ನು ಗುರುತಿಸಿದರೆ ಅದು ಉಪಯುಕ್ತವಾದ ಸಂಶೋಧನೆಯಾಗುವುದು. ಊರಿನವರಿಗೆ ನಕ್ಷೆಯನ್ನು ಓದಿಹೇಳಿದಂತೆಯೂ ಆಗುವುದು.

ಊರು ಬೆಳೆಯುವಾಗ ಯೋಜನೆ ಬೇಕು, ಕಾಡು ಉಳಿಯಲು ಮೇರೆ ಬೇಕು ಎಂಬುದರಲ್ಲಿ ಸಂಶಯವಿಲ್ಲ. ನಿಯಮನವೇ ಇಲ್ಲದಿದ್ದರೆ ಮೊದಲು ಸೋಲುವವನೂ ಸಣ್ಣ ಹಿಡುವಳಿದಾರನೇ. ಆದರೆ ಸಮಾಜದ ಹಿತಕ್ಕಾಗಿ ಒಬ್ಬನ ಕೈ ಕಟ್ಟುವಾಗ, ಏಕೆ ಕಟ್ಟಲಾಗಿದೆ, ಎಷ್ಟು ಕಾಲ ಕಟ್ಟಲಾಗಿದೆ ಎಂಬುದನ್ನು ಅವನಿಗೆ ಮುಂಚಿತವಾಗಿ ಹೇಳುವುದು ಸಮಾಜದ ಹೊಣೆ. ಬಳಕೆಯ ಹಕ್ಕಿನ ವಿಷಯದಲ್ಲಿ ನ್ಯಾಯವು ಪರಿಹಾರದ ಮೊತ್ತಕ್ಕಿಂತ ಹೆಚ್ಚಾಗಿ ಈ ಎರಡು ಪ್ರಶ್ನೆಗಳಿಗೆ ಸಿಗುವ ಉತ್ತರವನ್ನು ಅವಲಂಬಿಸಿದೆ.